ಹೊಟ್ಟೆನೋವು ತಾಳಲಾರದೆ

ಪತ್ರಿಕೆಗಳ ಜಿಲ್ಲಾ ಪುಟ ಓದುವ ಅಭ್ಯಾಸ ಇರುವವರಿಗೆ ಈ ಒಕ್ಕಣೆ ಬಾಯಿಪಾಠವಾಗಿರುತ್ತದೆ. ‘ಹೊಟ್ಟೆನೋವು ತಾಳಲಾರದೆ ಕೂಲಿ ಕಾರ್ಮಿಕರೊಬ್ಬರು ಆತ್ಮಹತ್ಯೆ ಮಾಡಿಕೊಂಡಿದ್ದಾರೆ.’ ಇಲ್ಲವೇ ‘ಜೀವನದಲ್ಲಿ ಜಿಗುಪ್ಸೆಗೊಂಡು’. ಕೆಳಗೆ ಠಾಣೆಯ ಹೆಸರು, ಪ್ರಕರಣ ದಾಖಲಾಗಿದೆ ಎಂಬ ಒಂದು ಸಾಲು. ನಾಲ್ಕು ಸಾಲಿನಲ್ಲಿ ಒಬ್ಬ ಮನುಷ್ಯ ಮುಗಿಯುತ್ತಾನೆ. ಹರಿಹರ ತಾಲೂಕಿನ ನಮ್ಮ ಕೊಂಡಜ್ಜಿಯ ಕಡೆ ಪೇಪರು ಓದಿದವರು ಇದನ್ನು ಕೇಳಿದ ತಕ್ಷಣ ಪರಸ್ಪರ ಮುಖ ನೋಡಿಕೊಳ್ಳುತ್ತಾರೆ. ‘ಕುಡೀತಿದ್ನಾ?’ ಎಂದು ಯಾರೋ ಮೆಲ್ಲಗೆ ಕೇಳುತ್ತಾರೆ. ‘ಊಂ’ ಎಂದು ಇನ್ಯಾರೋ ಅನ್ನುತ್ತಾರೆ. ಅಲ್ಲಿಗೆ ಮಾತು ನಿಲ್ಲುತ್ತದೆ.

ಹೊಟ್ಟೆನೋವು ಸುಳ್ಳು ಎಂದು ನಾನು ಹೇಳುತ್ತಿಲ್ಲ. ವರ್ಷಗಟ್ಟಲೆ ಖಾಲಿ ಹೊಟ್ಟೆಗೆ ಸಾರಾಯಿ ಸುರಿದುಕೊಂಡವರಿಗೆ ಜಠರ ಹುಣ್ಣಾಗುತ್ತದೆ, ಮೇದೋಜೀರಕ ಗ್ರಂಥಿ ಊದಿಕೊಳ್ಳುತ್ತದೆ. ಆ ನೋವು ಮನುಷ್ಯನನ್ನು ನೆಲಕ್ಕೆ ಉರುಳಿಸುವಂಥದ್ದು. ಠಾಣೆಯಲ್ಲಿ ಹೇಳಿಕೆ ಕೊಡುವ ಹೆಂಡತಿಯೋ ಅಣ್ಣನೋ ಕಾರಣಗಳ ಸರಪಳಿಯ ಕೊನೆಯ ಕೊಂಡಿಯನ್ನು ಮಾತ್ರ ಹೇಳಿರುತ್ತಾರೆ. ಅದರ ಹಿಂದಿನ ಕೊಂಡಿಗಳು ಯಾವ ದಾಖಲೆಗೂ ಸೇರುವುದಿಲ್ಲ. ಈ ಬರಹ ಆ ಕೊಂಡಿಗಳನ್ನು ಹಿಂದಕ್ಕೆ ಎಣಿಸುತ್ತಾ ಹೋಗುವ ಪ್ರಯತ್ನ. ಹಾಗೆ ಹೋದರೆ ದಾರಿ ಆಸ್ಪತ್ರೆಗಿಂತ ಹೆಚ್ಚಾಗಿ ಹರಾಜುಕಟ್ಟೆಯತ್ತ, ಮಿಲ್ಲಿನ ಗೇಟಿನತ್ತ ತಿರುಗುತ್ತದೆ.

ಮೊದಲು ಲೆಕ್ಕ ನೋಡೋಣ. ದೇಶದಲ್ಲಿ ಆತ್ಮಹತ್ಯೆಗಳ ವಾರ್ಷಿಕ ವರದಿ 1967ರಿಂದ ಬರುತ್ತಿದೆ. ಈಗ ಅದನ್ನು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಹೊರತರುತ್ತದೆ. 2022ರ ವರದಿಯಲ್ಲಿ ದಾಖಲಾದ ಸಾವುಗಳು 1,70,924. ಅವರಲ್ಲಿ ದಿನಗೂಲಿಯವರು ಶೇ. 26.4. 2014ರಲ್ಲಿ ಈ ವರ್ಗವನ್ನು ಮೊದಲ ಬಾರಿಗೆ ಪ್ರತ್ಯೇಕವಾಗಿ ಎಣಿಸಿದಾಗ ಅವರ ಪಾಲು ಶೇ. 12ರಷ್ಟಿತ್ತು. ರೈತರ ಆತ್ಮಹತ್ಯೆಯ ಬಗ್ಗೆ ನಮ್ಮಲ್ಲಿ ಕಥೆ, ಕಾದಂಬರಿ, ಸಿನಿಮಾ, ಆಯೋಗ ಎಲ್ಲವೂ ಬಂದಿವೆ, ಬರಬೇಕಾದದ್ದೇ. ಗಾರೆ ಕೆಲಸದವನ, ಹಮಾಲನ, ಭಟ್ಟಿ ಕಾರ್ಮಿಕನ ಸಾವಿಗೆ ಅಂಥ ಹೆಸರು ಸಿಕ್ಕಿಲ್ಲ. ಅದೇ ವರದಿಯ ಕಾರಣಗಳ ಪಟ್ಟಿಯಲ್ಲಿ ಕೌಟುಂಬಿಕ ಸಮಸ್ಯೆಗೆ ಶೇ. 31.7, ಅನಾರೋಗ್ಯಕ್ಕೆ ಶೇ. 18.4, ಮಾದಕ ವಸ್ತು ಮತ್ತು ಮದ್ಯದ ಚಟಕ್ಕೆ ಶೇ. 6.8. ಪಟ್ಟಿಯ ನಿಯಮ ಒಂದೇ: ಒಂದು ಸಾವಿಗೆ ಒಂದು ಕಾರಣ. ಕುಡಿದು ಬಂದು ಮನೆಯಲ್ಲಿ ಜಗಳ ತೆಗೆದವನು ಮೊದಲನೆಯ ಕೋಣೆಗೆ, ಕುಡಿದು ಹೊಟ್ಟೆ ಕೆಡಿಸಿಕೊಂಡವನು ಎರಡನೆಯ ಕೋಣೆಗೆ, ಕುಡಿಯಲು ಸಾಲ ಮಾಡಿದವನು ಇನ್ನೊಂದಕ್ಕೆ. ಎಲ್ಲಿಗೂ ಸೇರದೆ ಉಳಿದವನು ಮಾತ್ರ ಕುಡುಕ.

ಈ ಕೋಣೆಗಳ ಗೋಡೆ ಒಡೆದು ನೋಡಿದವರು ಬೆಂಗಳೂರಿನ ನಿಮ್ಹಾನ್ಸ್‌ನ ವೈದ್ಯರು. ಡಾ. ಜಿ. ಗುರುರಾಜ್, ಡಾ. ಮೋಹನ್ ಐಸಾಕ್ ಮತ್ತು ಜೊತೆಗಾರರು 2004ರಲ್ಲಿ ಪ್ರಕಟಿಸಿದ ಅಧ್ಯಯನ ನನಗೆ ಇಂದಿಗೂ ಮುಖ್ಯವೆನಿಸುತ್ತದೆ. ಆತ್ಮಹತ್ಯೆ ಮಾಡಿಕೊಂಡ 269 ಮಂದಿಯ ಮನೆಗಳಿಗೆ ಹೋಗಿ, ಅಷ್ಟೇ ಸಂಖ್ಯೆಯ ಬದುಕಿರುವವರ ಜೊತೆ ಅವರ ಜೀವನವನ್ನು ಹೋಲಿಸಿ ನೋಡಿದರು. ಕುಡಿತದ ಚಟ ಇದ್ದವರಲ್ಲಿ ಅಪಾಯ ಇಪ್ಪತ್ತು ಪಟ್ಟಿಗೂ ಹೆಚ್ಚು ಕಂಡಿತು. ನಿರುದ್ಯೋಗ, ದಿಢೀರ್ ಆರ್ಥಿಕ ಕುಸಿತ, ಮನೆಯೊಳಗಿನ ಹಿಂಸೆ ಇವು ಒಂದೊಂದೂ ಅಪಾಯವನ್ನು ಆರೇಳು ಪಟ್ಟು ಏರಿಸುತ್ತಿದ್ದವು. ಇವನ್ನು ಬೇರೆ ಬೇರೆ ಕಾರಣಗಳಾಗಿ ಓದುವುದು ಸಂಖ್ಯಾಶಾಸ್ತ್ರಕ್ಕೆ ಅನುಕೂಲ. ಬದುಕಿನಲ್ಲಿ ಅವು ಒಂದೇ ಮನೆಯ ಹೊಸ್ತಿಲು ದಾಟಿ ಒಂದರ ಹಿಂದೆ ಒಂದು ಬರುತ್ತವೆ.

ಈ ನಂಟನ್ನು ಮೊದಲು ನಿರಾಕರಿಸಿದವನು ಸಾಮಾನ್ಯನಲ್ಲ. ಫ್ರಾನ್ಸಿನ ಎಮಿಲ್ ಡರ್ಖೈಮ್ 1897ರ ತನ್ನ ‘ಆತ್ಮಹತ್ಯೆ’ ಗ್ರಂಥದಲ್ಲಿ ಫ್ರಾನ್ಸಿನ ಭೂಪಟಗಳನ್ನು ಪಕ್ಕಪಕ್ಕ ಇಟ್ಟ. ಒಂದರಲ್ಲಿ ಕುಡಿತದ ಪ್ರಮಾಣ, ಇನ್ನೊಂದರಲ್ಲಿ ಆತ್ಮಹತ್ಯೆಯ ಪ್ರಮಾಣ. ಎರಡೂ ಹೊಂದಿಕೆಯಾಗಲಿಲ್ಲ, ಹೆಚ್ಚು ಕುಡಿಯುವ ಪ್ರಾಂತ್ಯಗಳಲ್ಲೇ ಹೆಚ್ಚು ಜನ ಸಾಯುತ್ತಿರಲಿಲ್ಲ. ಆದ್ದರಿಂದ ನಂಟಿಲ್ಲ ಎಂದ. ಸಮಾಜಶಾಸ್ತ್ರ ಓದುವ ವಿದ್ಯಾರ್ಥಿಗಳು ಈ ಭಾಗವನ್ನು ಬೇಗ ದಾಟಿಬಿಡುತ್ತಾರೆ, ನಿಂತು ನೋಡಬೇಕಾದ ಜಾಗ ಅದು. ಊರಿನ ಸರಾಸರಿ ಮನೆಯ ಕಥೆಯನ್ನು ಹೇಳುವುದಿಲ್ಲ. ಹಬ್ಬಕ್ಕೆ ಎಲ್ಲರೂ ಕುಡಿಯುವ ಊರು ಒಂದು, ನೂರರಲ್ಲಿ ಎಂಟು ಜನ ಬೆಳಿಗ್ಗೆಯಿಂದ ಕುಡಿಯುವ ಊರು ಇನ್ನೊಂದು. ಎರಡರ ಒಟ್ಟು ಲೆಕ್ಕ ಒಂದೇ ಇರಬಹುದು.

ಡರ್ಖೈಮ್‌ಗೆ ಉತ್ತರ ಕೊಟ್ಟದ್ದು ಇತಿಹಾಸ. ಮೊದಲ ಮಹಾಯುದ್ಧದ ನಡುವೆ, 1917ರಲ್ಲಿ, ಡೆನ್ಮಾರ್ಕ್ ಸರ್ಕಾರ ಧಾನ್ಯ ಉಳಿಸಲು ಬಟ್ಟಿ ಮದ್ಯದ ಮೇಲೆ ವಿಪರೀತ ತೆರಿಗೆ ಹಾಕಿತು. ಬಾಟಲಿಯ ಬೆಲೆ ಹತ್ತು ಪಟ್ಟಿಗೂ ಹೆಚ್ಚಾಯಿತು. ಕುಡಿಯುವವರ ಆತ್ಮಹತ್ಯೆಗಳು ಥಟ್ಟನೆ ಇಳಿದವು. ಯಾರೂ ಆತ್ಮಹತ್ಯೆ ತಡೆಯಲೆಂದು ಮಾಡಿದ ಕೆಲಸವಲ್ಲ ಅದು; ಗೋಧಿ, ಆಲೂಗಡ್ಡೆ ಉಳಿಸಲು ಮಾಡಿದ್ದು.

ಈಗ ನಮ್ಮ ಕಡೆಗೆ ಬರುತ್ತೇನೆ. ಹಳೆಯ ಚಿತ್ರದುರ್ಗ ಜಿಲ್ಲೆಗೆ ಈ ವಿಷಯದಲ್ಲಿ ಒಂದು ವಿಚಿತ್ರ ಚರಿತ್ರೆಯಿದೆ. 1997ರಲ್ಲಿ ದಾವಣಗೆರೆ ಪ್ರತ್ಯೇಕ ಜಿಲ್ಲೆಯಾಗುವವರೆಗೆ ಹರಿಹರ, ದಾವಣಗೆರೆ ಎಲ್ಲವೂ ಆ ಜಿಲ್ಲೆಗೇ ಸೇರಿದ್ದವು. ಮೈಸೂರು ಸಂಸ್ಥಾನದ ದೊಡ್ಡ ಆದಾಯಗಳಲ್ಲಿ ಅಬಕಾರಿಯೂ ಒಂದು. ಈ ಒಣ ಸೀಮೆಯಲ್ಲಿ ತೆಂಗು ಕಡಿಮೆ, ಹಳ್ಳದ ಬದಿಯಲ್ಲಿ ಈಚಲು ಹೇರಳ. ಜನ ಕುಡಿಯುತ್ತಿದ್ದದ್ದು ಈಚಲ ಹೆಂಡ. ಗಾಂಧೀಜಿ 1934ರ ಹರಿಜನ ಯಾತ್ರೆಯಲ್ಲಿ ದಾವಣಗೆರೆಗೆ ಬಂದು ಹೋದರು. ಐದು ವರ್ಷದ ನಂತರ, 1939ರಲ್ಲಿ, ಚಿತ್ರದುರ್ಗದ ಹತ್ತಿರದ ತುರುವನೂರಿನಲ್ಲಿ ಜನ ಕೊಡಲಿ ಹಿಡಿದು ಈಚಲು ಮರಗಳನ್ನು ಉರುಳಿಸಿದರು. ಚರಿತ್ರೆಯ ಪುಸ್ತಕಗಳಲ್ಲಿ ಅದಕ್ಕೆ ಅರಣ್ಯ ಸತ್ಯಾಗ್ರಹ ಎಂಬ ಹೆಸರಿದೆ. ಮುಂದೆ ನಿಂತವರು ಎಸ್. ನಿಜಲಿಂಗಪ್ಪ, ಚಿತ್ರದುರ್ಗದ ವಕೀಲರು. ಅವರು ಜೈಲಿಗೂ ಹೋದರು. ಒಂದು ಈಚಲು ಮರ ಬಿದ್ದರೆ ಕುಡುಕನ ಒಂದು ಮಡಕೆ ಹೆಂಡ ತಪ್ಪುತ್ತದೆ, ಜೊತೆಗೆ ಸರ್ಕಾರದ ಖಜಾನೆಗೂ ಪೆಟ್ಟು ಬೀಳುತ್ತದೆ. ಈ ಎರಡನೆಯ ಪೆಟ್ಟೇ ಸತ್ಯಾಗ್ರಹದ ಗುರಿಯಾಗಿತ್ತು ಎಂದು ನನ್ನ ಅಂದಾಜು. ಸತ್ತ ಕುಡುಕನ ಮನೆಯ ಬಗ್ಗೆ ಯೋಚಿಸಲು ಆಗ ಯಾರಿಗೂ ಪುರುಸೊತ್ತಿರಲಿಲ್ಲ.

ಸ್ವಾತಂತ್ರ್ಯ ಬಂತು. ಸಂವಿಧಾನದ 47ನೇ ವಿಧಿ ಪಾನನಿಷೇಧವನ್ನು ರಾಜ್ಯನೀತಿಯ ತತ್ವವಾಗಿಸಿತು. ಮೈಸೂರಿನಲ್ಲಿ 1948ರಿಂದ ಹಂತ ಹಂತವಾಗಿ ಪಾನನಿಷೇಧ ಜಾರಿಯಾಯಿತು. ತುಂಗಭದ್ರೆಯ ಆಚೆ ದಂಡೆ ಆಗ ಮುಂಬೈ ರಾಜ್ಯ. ಅಲ್ಲಿ 1950ರಿಂದ ಕಟ್ಟುನಿಟ್ಟಿನ ನಿಷೇಧ. ಹರಿಹರ ಗಡಿ ಊರಾಗಿದ್ದ ಕಾಲ ಅದು. ಏಕೀಕರಣದ ನಂತರ ಹೊಳೆಯ ಎರಡೂ ದಂಡೆಗಳು ಒಂದೇ ರಾಜ್ಯಕ್ಕೆ ಸೇರಿ, 1961ರಲ್ಲಿ ಮೈಸೂರು ಪಾನನಿಷೇಧ ಕಾಯ್ದೆ ಬಂತು. ಕಳ್ಳಬಟ್ಟಿಯೂ ಅದರ ಜೊತೆಗೇ ಬಂತು ಎಂದು ಬೇರೆ ಹೇಳಬೇಕಿಲ್ಲ.

ಆಮೇಲೆ 1967. ಪಾನನಿಷೇಧ ತೆರವಾಯಿತು, ಅಬಕಾರಿ ಮರಳಿತು, ಸಾರಾಯಿ ಹರಾಜು ಶುರುವಾಯಿತು. ಆಗ ಮುಖ್ಯಮಂತ್ರಿಯಾಗಿದ್ದವರು ತುರುವನೂರಿನ ಈಚಲು ಕಡಿಸಿದ ಅದೇ ನಿಜಲಿಂಗಪ್ಪನವರು. ಇದನ್ನು ಅವರ ಮೇಲಿನ ಆರೋಪವಾಗಿ ಬರೆಯುತ್ತಿಲ್ಲ. ಕಳ್ಳಬಟ್ಟಿ ತಡೆಯಲಾಗಲಿಲ್ಲ, ಖಜಾನೆ ಖಾಲಿಯಿತ್ತು, ನೆರೆಯ ರಾಜ್ಯಗಳೂ ಸಡಿಲಿಸುತ್ತಿದ್ದವು. ಸಂಸ್ಥಾನದ ಖಜಾನೆಗೆ ಹೊಡೆಯಲು ಕೊಡಲಿ ಎತ್ತಿದ ಪೀಳಿಗೆಗೆ ತನ್ನದೇ ಖಜಾನೆ ಬಂದಾಗ ಕೊಡಲಿ ಇಳಿಸಬೇಕಾಯಿತು, ಅಷ್ಟೆ. ಆದರೆ ಅಂದಿನಿಂದ ನಮ್ಮ ಸರ್ಕಾರಗಳು ಕುಡಿಸುವವರೂ ಕುಡಿಯಬೇಡಿ ಎನ್ನುವವರೂ ಆಗಿ ಎರಡು ಪಾತ್ರ ವಹಿಸುತ್ತಾ ಬಂದಿವೆ. 2003ರಲ್ಲಿ ಮದ್ಯದ ಸಗಟು ವ್ಯಾಪಾರವನ್ನು ಸರ್ಕಾರದ್ದೇ ಪಾನೀಯ ನಿಗಮ ವಹಿಸಿಕೊಂಡಿತು. 2025-26ರ ಬಜೆಟ್ಟಿನಲ್ಲಿ ಅಬಕಾರಿಗೆ ಇಟ್ಟ ಗುರಿ 40,000 ಕೋಟಿ ರೂಪಾಯಿ.

ಹರಾಜಿನ ಆ ದಶಕಗಳೇ ದಾವಣಗೆರೆಯ ಮಿಲ್ಲುಗಳ ಕೊನೆಯ ದಶಕಗಳೂ ಹೌದು. 1930ರ ದಶಕದಿಂದ ಬೆಳೆದ ಊರು ಅದು; ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಕರೆಸಿಕೊಂಡಿತು. ಕಾಟನ್ ಮಿಲ್, ಶಂಕರ ಮಿಲ್, ಚಂದ್ರೋದಯ, ಆಂಜನೇಯ ಈ ಹೆಸರುಗಳು ಇಂದು ಬಸ್ ನಿಲ್ದಾಣ, ಬಡಾವಣೆಗಳ ಗುರುತಾಗಿ ಉಳಿದಿವೆ. ಮಿಲ್ಲಿನ ಕೂಗಿಗೆ ಊರು ಏಳುತ್ತಿತ್ತು, ಊಟ ಮಾಡುತ್ತಿತ್ತು. ಕಾರ್ಮಿಕ ಸಂಘ ಎಷ್ಟು ಗಟ್ಟಿಯಿತ್ತೆಂದರೆ ಕಮ್ಯುನಿಸ್ಟ್ ಪಕ್ಷದ ಪಂಪಾಪತಿಯವರನ್ನು ಈ ವ್ಯಾಪಾರಿಗಳ ಊರು ವಿಧಾನಸಭೆಗೆ ಕಳಿಸಿತು. ಆಚೆ ಹರಿಹರದಲ್ಲಿ 1941ರಿಂದ ಮೈಸೂರು ಕಿರ್ಲೋಸ್ಕರ್, ಲೇತ್ ಯಂತ್ರಗಳ ಕಾರ್ಖಾನೆ. ಅದರ ಸುತ್ತ ಯಂತ್ರಾಪುರ ಎಂಬ ಹೆಸರಿನ ಊರೇ ಬೆಳೆಯಿತು. ಕೊಂಡಜ್ಜಿ ಈ ಎರಡು ಪಟ್ಟಣಗಳ ಮಗ್ಗುಲಿನ ಹಳ್ಳಿ. ಹೊರಗಿನವರಿಗೆ ಅದು ಕೆರೆ, ಗುಡ್ಡ, ಸ್ಕೌಟ್ ಶಿಬಿರ ಮತ್ತು ಊರ ಹೆಸರನ್ನೇ ಹೊತ್ತು ಲೋಕಸಭೆಗೆ ಹೋದ ಕೊಂಡಜ್ಜಿ ಬಸಪ್ಪನವರು. ಒಳಗಿನವರಿಗೆ ಬೆಳಗಿನ ಜಾವ ಸೈಕಲ್ಲಿಗೆ ಬುತ್ತಿ ಕಟ್ಟಿಕೊಂಡು ಪಾಳಿಗೆ ಹೊರಡುವ ಗಂಡಸರು.

ನನ್ನ ದೊಡ್ಡಪ್ಪ ಅಂಥ ಸೈಕಲ್ಲಿನವರು. ಬಟವಾಡೆ ದಿನ ಗೇಟಿನ ಹೊರಗೆ ಮೂರು ಬಗೆಯ ಜನ ಕಾಯುತ್ತಿದ್ದರಂತೆ: ಸಂಘದ ಚಂದಾ ಕೇಳುವವರು, ಬಡ್ಡಿಯವರು, ಕೆಲವು ಹೆಂಗಸರು. ಹೆಂಗಸರು ಯಾಕೆ ಎಂದು ಚಿಕ್ಕವನಿದ್ದಾಗ ಕೇಳಿದ್ದೆ. ‘ಗೇಟಿಂದ ಮನೀಗೆ ಬರೋ ದಾರ್ಯಾಗ ನಾಕು ಅಂಗಡಿ ಅದಾವಪ್ಪ’ ಎಂದಿದ್ದರು. ಅವರು ಹೇಳುವ ಇನ್ನೊಂದು ಮಾತು ನನಗೆ ಈಗ ಹೆಚ್ಚು ಅರ್ಥವಾಗುತ್ತದೆ. ಮಿಲ್ಲು ನಡೆಯುತ್ತಿದ್ದಾಗ ಕುಡಿಯುವವರಿಗೆ ಒಂದು ಮಿತಿ ಇತ್ತು; ಮರುದಿನ ಪಾಳಿ ಇರುತ್ತಿತ್ತು, ಜೊತೆಯವರು ಬೈಯುತ್ತಿದ್ದರು, ಸಂಘದ ಮುಖಂಡ ಕರೆದು ಕೂರಿಸಿಕೊಂಡು ಬುದ್ಧಿ ಹೇಳುತ್ತಿದ್ದ. ಮಿಲ್ಲುಗಳು ಒಂದೊಂದಾಗಿ ಬಾಗಿಲು ಹಾಕಿದವು. ಹೊಸ ಶತಮಾನದ ಮೊದಲ ವರ್ಷಗಳಷ್ಟರಲ್ಲಿ ಕಿರ್ಲೋಸ್ಕರ್ ಕಾರ್ಖಾನೆಯೂ ನಿಂತಿತು. ಕೂಗು ನಿಂತಿತು. ಬೆಳಗಾದರೆ ಏಳಲು ಕಾರಣವೇ ಇಲ್ಲದ ನಲವತ್ತೈದರ ಗಂಡಸರು, ಕೈಯಲ್ಲಿ ಬಂದಷ್ಟು ಪರಿಹಾರದ ದುಡ್ಡು, ಬಸ್ ಸ್ಟ್ಯಾಂಡಿನ ಪಕ್ಕ ಸಾರಾಯಿ ಪ್ಯಾಕೆಟ್ಟು. ಹಲ್ಲಿನಲ್ಲಿ ಕಚ್ಚಿ ಒಂದೇ ಗುಟುಕಿಗೆ ಮುಗಿಸುವ ಆ ಪ್ಲಾಸ್ಟಿಕ್ ಪ್ಯಾಕೆಟ್ಟಿಗೆ ಕೂತು ಮಾತಾಡಲು ಜೊತೆಗಾರ ಬೇಕಿರಲಿಲ್ಲ, ಗಡಂಗೂ ಬೇಕಿರಲಿಲ್ಲ. ಹೆಂಡಕ್ಕೆ ಸಂಜೆ ಇತ್ತು, ಹರಟೆ ಇತ್ತು. ಪ್ಯಾಕೆಟ್ಟು ಒಂಟಿತನಕ್ಕೇ ಅಳತೆ ಮಾಡಿ ಹೊಲಿದ ಅಂಗಿ.

ಮಿಲ್ಲಿನಿಂದ ಹೊರಬಿದ್ದವರು ಮಂಡಕ್ಕಿ ಭಟ್ಟಿಗೆ, ಮಾರುಕಟ್ಟೆಯ ಹಮಾಲಿಗೆ, ಗಾರೆ ಕೆಲಸಕ್ಕೆ ಹೋದರು. ಮೈ ಮುರಿಯುವ ಕೆಲಸದಲ್ಲಿ ಕುಡಿತಕ್ಕೆ ಇನ್ನೊಂದು ನೆವ ಸಿಗುತ್ತದೆ: ಮೈಕೈ ನೋವು. ಅದು ನೆವವಷ್ಟೇ ಅಲ್ಲ. ನೂರು ಚೀಲ ಹೊತ್ತವನಿಗೆ ರಾತ್ರಿ ನಿದ್ದೆ ಬರಲು ಏನಾದರೂ ಬೇಕು, ಸುಲಭವಾಗಿ ಸಿಗುವುದು ಅದೊಂದೇ. ನಿಮ್ಹಾನ್ಸ್‌ನ ವಿವೇಕ್ ಬೆನಗಲ್ ಮತ್ತು ಸಂಗಡಿಗರು 2000ದಲ್ಲಿ ಪ್ರಕಟಿಸಿದ ಲೆಕ್ಕದಂತೆ, ಚಟದ ಚಿಕಿತ್ಸೆಗೆ ಬಂದವರ ತಿಂಗಳ ಸರಾಸರಿ ಗಳಿಕೆಗಿಂತ ಕುಡಿತದ ಖರ್ಚೇ ಹೆಚ್ಚಿತ್ತು. ಗಳಿಸಿದ್ದಕ್ಕಿಂತ ಹೆಚ್ಚು ಕುಡಿಯುವುದು ಹೇಗೆ? ಹೆಂಡತಿಯ ಕೂಲಿ, ತಾಯಿಯ ಓಲೆ, ಬಡ್ಡಿಯವನ ಕೈಗಡ. ಮೊದಲು ಹೇಳಿದ ಕೋಣೆಗಳೆಲ್ಲ ಇಲ್ಲಿ ಸೇರುತ್ತವೆ.

ನಮ್ಮ ಸಾಹಿತ್ಯ ಈ ಮನುಷ್ಯನನ್ನು ಕಂಡಿಲ್ಲವೇ? ಕಂಡಿದೆ, ಎರಡು ದಿಕ್ಕಿನಿಂದ. ಜಿ. ಪಿ. ರಾಜರತ್ನಂ ಅವರ ಯೆಂಡ್ಕುಡ್ಕ ರತ್ನ ಲೋಕವನ್ನೇ ತೂಗಿ ನೋಡುವ ಪ್ರೀತಿಯ ಮನುಷ್ಯ; ಅವನನ್ನು ಹುಟ್ಟಿಸಿದ ಕವಿ ಕುಡಿಯದವರು. ಶಿವರಾಮ ಕಾರಂತರ ‘ಚೋಮನ ದುಡಿ’ 1933ರದು. ಅಲ್ಲಿ ಹೆಂಡ ತಮಾಷೆಯ ವಿಷಯವಾಗಿ ಉಳಿಯುವುದಿಲ್ಲ. ಭೂಮಿ ಸಿಗದ ಆಸೆ, ತೀರದ ಸಾಲ, ಕಾಫಿ ತೋಟಕ್ಕೆ ಹೋದ ಮಕ್ಕಳು, ಇವುಗಳ ನಡುವೆ ಚೋಮ ಕುಡಿಯುತ್ತಾನೆ, ದುಡಿ ಬಡಿಯುತ್ತಾನೆ. ಅವನ ಕೊನೆಯನ್ನು ಆತ್ಮಹತ್ಯೆ ಎನ್ನಲು ಬರುವುದಿಲ್ಲ. ಸಹಜ ಸಾವು ಎನ್ನಲು ನನಗೆ ಬಾಯಿ ಬರುವುದಿಲ್ಲ. ತರಗತಿಯಲ್ಲಿ ಆ ಕಾದಂಬರಿಯ ಜಾತಿ, ಭೂಮಿಯ ಪ್ರಶ್ನೆಗಳನ್ನು ಚರ್ಚಿಸುತ್ತೇವೆ, ಹೆಂಡದ ಪ್ರಶ್ನೆಯನ್ನು ಮುಜುಗರದಿಂದ ಬಿಟ್ಟುಬಿಡುತ್ತೇವೆ. ಮೂರನ್ನೂ ಕಾರಂತರು ಒಂದೇ ಹಗ್ಗದಲ್ಲಿ ಹೊಸೆದಿದ್ದಾರೆ.

2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ನಿಷೇಧವಾಯಿತು. ಹಳ್ಳಿಯ ಹೆಂಗಸರು ವರ್ಷಗಳಿಂದ ಕೇಳುತ್ತಿದ್ದದ್ದು ಅದು. ನೆರೆಯ ಆಂಧ್ರದಲ್ಲಿ ಅಂಥದೇ ಹೋರಾಟ 1993ರಲ್ಲಿ ಸಾರಾಯಿ ನಿಲ್ಲಿಸಿತ್ತು. ಆದರೆ ರಾಜ್ಯದ ಆತ್ಮಹತ್ಯೆಗಳ ಸಂಖ್ಯೆ ಮುಂದಿನ ವರ್ಷಗಳಲ್ಲೂ 12 ಸಾವಿರದ ಆಸುಪಾಸಿನಲ್ಲೇ ನಿಂತಿತು. ಡೆನ್ಮಾರ್ಕಿನಲ್ಲಿ ಆದದ್ದು ಇಲ್ಲಿ ಯಾಕೆ ಆಗಲಿಲ್ಲ? ಅಲ್ಲಿ ಕುಡಿತವೇ ಇಳಿದಿತ್ತು. ಇಲ್ಲಿ ಒಂದು ಪಾನೀಯ ಹೋಗಿ ಇನ್ನೊಂದು ಬಂತು. ಪ್ಯಾಕೆಟ್ಟಿನ ಜಾಗಕ್ಕೆ ಅಗ್ಗದ ವಿಸ್ಕಿಯ ನೈಂಟಿ. ಕುಡಿಯುವವನಿಗೆ ಖರ್ಚು ಹೆಚ್ಚಾಯಿತು, ಖಜಾನೆಗೆ ಆದಾಯ ಹೆಚ್ಚಾಯಿತು. ಅದನ್ನೂ ಕೊಳ್ಳಲಾಗದವರು ಕಳ್ಳಬಟ್ಟಿಗೆ ಹೋದರು. 2008ರ ಮೇ ತಿಂಗಳಲ್ಲಿ ಬೆಂಗಳೂರು ಮತ್ತು ಗಡಿಯಾಚೆಯ ಕೃಷ್ಣಗಿರಿ ಕಡೆ ನೂರಕ್ಕೂ ಹೆಚ್ಚು ಬಡವರು ವಿಷಮದ್ಯಕ್ಕೆ ಬಲಿಯಾದರು. ಸಾರಾಯಿ ಅಂಗಡಿಗಳು ರಾಜಾರೋಷವಾಗಿ ತೆರೆದಿದ್ದ 1981ರಲ್ಲೂ ಬೆಂಗಳೂರಿನಲ್ಲಿ ಇಂಥದೇ ದುರಂತದಲ್ಲಿ ಮುನ್ನೂರರಷ್ಟು ಜನ ಸತ್ತಿದ್ದರು. ಸೋವಿಯತ್ ಒಕ್ಕೂಟದ ಕಥೆಯೂ ಇಲ್ಲಿ ನೆನಪಾಗುತ್ತದೆ. 1985ರ ಮೇ ತಿಂಗಳಲ್ಲಿ ಗೊರ್ಬಚೆವ್ ಮದ್ಯದ ಉತ್ಪಾದನೆ, ಮಾರಾಟ ಎರಡನ್ನೂ ಬಿಗಿ ಮಾಡಿದಾಗ ಗಂಡಸರ ಆತ್ಮಹತ್ಯೆ ಪ್ರಮಾಣ ಮೂರನೇ ಒಂದರಷ್ಟಾದರೂ ಕುಸಿಯಿತು. ಖಜಾನೆ ಬರಿದಾಯಿತು, ಮನೆಮನೆಯಲ್ಲಿ ಬಟ್ಟಿ ಶುರುವಾಗಿ ಅಂಗಡಿಗಳಿಂದ ಸಕ್ಕರೆಯೇ ಮಾಯವಾಯಿತು. ಬಿಗಿ ಸಡಿಲಿಸಿದ ಮೇಲೆ ಸಾವುಗಳೂ ಮರಳಿದವು.

ನಿಷೇಧ ಬೇಕೋ ಬೇಡವೋ ಎಂಬ ಹಳೆಯ ಜಗಳದಲ್ಲಿ ಮರೆತುಹೋಗುವುದು ಚಿಕಿತ್ಸೆ. ಅದರ ಬೇರೂ ನಮ್ಮ ಪಕ್ಕದಲ್ಲೇ ಇದೆ. 1985ರಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ಒಂದು ಪ್ರಯೋಗ ಆರಂಭಿಸಿತು: ಪ್ರಾಥಮಿಕ ಆರೋಗ್ಯ ಕೇಂದ್ರದ ಸಾಮಾನ್ಯ ವೈದ್ಯರಿಗೂ ಸಿಬ್ಬಂದಿಗೂ ಮನೋರೋಗ ಗುರುತಿಸಿ ಔಷಧಿ ಕೊಡಲು ತರಬೇತಿ. ಇಡೀ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ 1996ರಲ್ಲಿ ಆ ಮಾದರಿಯ ಮೇಲೆಯೇ ಶುರುವಾಯಿತು. ಹಳ್ಳಿಗಳಲ್ಲಿ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಮದ್ಯವರ್ಜನ ಶಿಬಿರಗಳು ಪರಿಚಿತ. ಶಿಬಿರ ಮುಗಿದ ಮೇಲಿನ ತಿಂಗಳುಗಳು ಮಾತ್ರ ಎಲ್ಲ ಕಡೆಯೂ ಕಷ್ಟದವು. ಹಾಗೆಯೇ, ವರ್ಷಗಟ್ಟಲೆ ಕುಡಿದವನು ಹಠ ತೊಟ್ಟು ಒಂದೇ ದಿನಕ್ಕೆ ಬಿಟ್ಟರೆ ಕೈನಡುಕ, ಭ್ರಮೆ, ಸೆಳೆತ ಬರುತ್ತವೆ. ಅದಕ್ಕೆ ವೈದ್ಯರ ಸಹಾಯ ಬೇಕು. 2020ರ ಲಾಕ್‌ಡೌನಿನಲ್ಲಿ ಮದ್ಯದಂಗಡಿಗಳು ಮುಚ್ಚಿದ್ದಾಗ ಕೇರಳದಲ್ಲೂ ನಮ್ಮಲ್ಲೂ ಅಂಥ ಸಾವುಗಳ ಸುದ್ದಿ ಬಂದವು. ಮೇ 4ರಂದು ಅಂಗಡಿ ತೆರೆದ ಮೊದಲ ದಿನ ರಾಜ್ಯದಲ್ಲಿ 45 ಕೋಟಿ ರೂಪಾಯಿಯ ಮದ್ಯ ಮಾರಾಟವಾಯಿತು ಎಂಬ ಲೆಕ್ಕ ಸಂಜೆಗೇ ಸಿಕ್ಕಿತು.

ಅಮೆರಿಕದ ಸೇಂಟ್ ಲೂಯಿಸ್ ನಗರದಲ್ಲಿ ಜಾರ್ಜ್ ಮರ್ಫಿ ಮತ್ತು ಎಲಿ ರಾಬಿನ್ಸ್ ಎಂಬ ಇಬ್ಬರು ವೈದ್ಯರು 1967ರಲ್ಲಿ, ಹೌದು ಅದೇ ವರ್ಷ, ಪ್ರಕಟಿಸಿದ ಒಂದು ಅಧ್ಯಯನವಿದೆ. ಕುಡಿತದ ಚಟವಿದ್ದು ಆತ್ಮಹತ್ಯೆ ಮಾಡಿಕೊಂಡವರಲ್ಲಿ ಸುಮಾರು ಮೂರನೇ ಒಂದು ಪಾಲು ಜನ, ಸಾವಿಗೆ ಮುಂಚಿನ ಆರು ವಾರಗಳ ಒಳಗೆ ಹತ್ತಿರದವರೊಬ್ಬರನ್ನು ಕಳೆದುಕೊಂಡಿದ್ದರು: ಹೆಂಡತಿ ಬಿಟ್ಟುಹೋದದ್ದು, ಮನೆಯಿಂದ ಹೊರಹಾಕಿದ್ದು, ಒಂದು ಸಾವು. ಇದನ್ನು ಓದಿದಾಗ ನಮ್ಮ ಕಡೆಯ ರೂಢಿಯೊಂದು ಕಣ್ಣ ಮುಂದೆ ಬಂತು. ಏಟು ತಿಂದು ಸಾಕಾಗಿ ಹೆಂಡತಿ ಮಕ್ಕಳನ್ನು ಕರೆದುಕೊಂಡು ತವರಿಗೆ ಹೋಗುತ್ತಾಳೆ. ಹೋಗಲೇಬೇಕು, ಅವಳ ಜೀವವೂ ಜೀವವೇ. ಅವನಿಗೇನಾದರೂ ಆದರೆ ಹೊಣೆ ಅವಳ ತಲೆಗೆ ಕಟ್ಟುವುದು ನಮ್ಮ ಊರುಗಳ ಇನ್ನೊಂದು ಕ್ರೌರ್ಯ. ‘ಒಬ್ಬನೇ ಬಿದ್ದಿರಲಿ, ಬುದ್ಧಿ ಬರ್ತತಿ’ ಎಂದು ಓಣಿಯವರು ಅವನ ಮನೆಯ ಕಡೆ ಹೋಗುವುದನ್ನು ಬಿಡುತ್ತಾರೆ. ಯಾರಾದರೂ ದಿನಕ್ಕೊಮ್ಮೆ ಬಾಗಿಲು ಬಡಿದು ‘ಉಂಡ್ಯಾ?’ ಎಂದು ಕೇಳಬೇಕಾದ ಆರು ವಾರಗಳು ಅವೇ.

ಕೇಳಲು ಈಗ ಕಾನೂನಿನ ಭಯವೂ ಇಲ್ಲ. ಆತ್ಮಹತ್ಯೆಗೆ ಯತ್ನಿಸಿದವರನ್ನು 1860ರ ದಂಡ ಸಂಹಿತೆಯ 309ನೇ ಕಲಂ ಅಪರಾಧಿಯೆಂದು ನೋಡುತ್ತಿತ್ತು. ಮನೆಯವರು ಆಸ್ಪತ್ರೆಯಲ್ಲಿ ಸುಳ್ಳು ಹೇಳುತ್ತಿದ್ದದ್ದು ಅದಕ್ಕೂ ಹೆದರಿ. 2017ರ ಮಾನಸಿಕ ಆರೋಗ್ಯ ಕಾಯ್ದೆ ಅವರಿಗೆ ಶಿಕ್ಷೆಯ ಬದಲು ಆರೈಕೆ ಸಿಗಬೇಕು ಎಂದಿತು, 2024ರ ಜುಲೈಯಲ್ಲಿ ಬಂದ ಹೊಸ ಸಂಹಿತೆ ಆ ಕಲಮನ್ನೇ ಕೈಬಿಟ್ಟಿತು. 2022ರ ಅಕ್ಟೋಬರಿನಿಂದ ಟೆಲಿ ಮಾನಸ್ ಎಂಬ ಸರ್ಕಾರಿ ಸಹಾಯವಾಣಿ ನಡೆಯುತ್ತಿದೆ, ಸಂಖ್ಯೆ 14416. ದುಡ್ಡು ಕೊಡಬೇಕಿಲ್ಲ, ರಾತ್ರಿ ಎಷ್ಟು ಹೊತ್ತಿಗಾದರೂ ಮಾಡಬಹುದು, ಕನ್ನಡದಲ್ಲೇ ಮಾತನಾಡುತ್ತಾರೆ. ಕುಡಿಯುವವನೇ ಮಾಡಬೇಕೆಂದಿಲ್ಲ. ಪಕ್ಕದ ಮನೆಯವರೂ ಮಾಡಬಹುದು.